ಬಸುರಿಯ ರಕ್ತದಲ್ಲಿ ಖನಿಜಗಳ ಲೆಕ್ಕ



ತಾಯಂದಿರ ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ, ಅದೂ ಕನ್ನಡದಲ್ಲಿ, ನಡೆಯಬೇಕೆಂಬುದು ಈ ಉಪನ್ಯಾಸ ದತ್ತಿಯ ಆಶಯ. ಈ ವರ್ಷ ಆ ಹೊಣೆ ನನ್ನದು. ನಾನು ಆಯ್ದುಕೊಂಡಿರುವ ವಿಷಯ ಬಸುರಿಯ ದೇಹದಲ್ಲಿ ಸೂಕ್ಷ್ಮ ಖನಿಜಗಳ ಮಟ್ಟ. ಕ್ಯಾಲ್ಸಿಯಂ, ರಂಜಕದಂಥ ಖನಿಜಗಳು ನಮಗೆ ದಿನಕ್ಕೆ ನೂರಾರು ಮಿಲಿಗ್ರಾಂ ಬೇಕು. ಕಬ್ಬಿಣ, ಸತು, ತಾಮ್ರಗಳು ಮಿಲಿಗ್ರಾಂ ಲೆಕ್ಕದಲ್ಲಿ ಸಾಕು. ಅಯೋಡಿನ್, ಸೆಲೆನಿಯಂಗಳಂತೂ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಂ ಲೆಕ್ಕದಲ್ಲಿ. ಇವನ್ನೇ ಸೂಕ್ಷ್ಮ ಖನಿಜಗಳೆಂದು ಕರೆಯುತ್ತೇವೆ. ಪ್ರಮಾಣ ಕಿರಿದಾದರೂ ಇವುಗಳಲ್ಲಿ ಕೆಲವು ತಪ್ಪಿದರೆ ಅದರ ಪರಿಣಾಮವನ್ನು ಮಗು ಜೀವಮಾನವಿಡೀ ಹೊರಬೇಕಾಗುತ್ತದೆ.

ನಾನು ನಿರೂಪಿಸಬಯಸುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಸುರಿಯ ರಕ್ತದಲ್ಲಿ ಒಂದು ಖನಿಜದ ಮಟ್ಟ ಇಳಿದಿದೆ ಎಂದ ಮಾತ್ರಕ್ಕೆ ಕೊರತೆ ಎನ್ನಲಾಗದು; ಏರಿದೆ ಎಂದ ಮಾತ್ರಕ್ಕೆ ಸಮೃದ್ಧಿ ಎನ್ನಲೂ ಆಗದು. ಒಂದೊಂದು ಖನಿಜದ ಅಂಕಿಯನ್ನು ಓದುವ ಬಗೆ ಒಂದೊಂದು. ಹಾಗೆ ಬೇರೆಬೇರೆಯಾಗಿ ಓದಿದಾಗ ಯಾವುದರ ಬಗ್ಗೆ ಯಾವ ಕಾಲದಲ್ಲಿ ಎಚ್ಚರವಿರಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಕಾಲ ಬಹುಮಟ್ಟಿಗೆ ಬಸುರಿಗೂ ಮುಂಚಿನದು.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು ಗರ್ಭಧಾರಣೆಯಲ್ಲಿ ರಕ್ತವೇ ಬದಲಾಗುವ ಬಗೆ. ಎರಡನೆಯದು ಕಬ್ಬಿಣ, ಮೂರನೆಯದು ಅಯೋಡಿನ್. ನಾಲ್ಕನೆಯದರಲ್ಲಿ ಸತು, ತಾಮ್ರ, ಸೆಲೆನಿಯಂಗಳನ್ನು ಒಟ್ಟಿಗೆ ನೋಡೋಣ. ಕೊನೆಗೆ ಇವುಗಳಿಂದ ಹೊರಡುವ ಕೆಲವು ಸಲಹೆಗಳು.

ಒಂದು: ರಕ್ತವೇ ಬದಲಾಗುವ ಕಾಲ

ಗರ್ಭ ನಿಂತು ಆರೇಳು ವಾರಗಳಾಗುವಷ್ಟರಲ್ಲಿ ತಾಯಿಯ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಹೆಚ್ಚತೊಡಗುತ್ತದೆ. ಎಂಟನೆಯ ತಿಂಗಳ ಹೊತ್ತಿಗೆ ಅದು ಮೊದಲಿಗಿಂತ ನೂರಕ್ಕೆ 40ರಿಂದ 50 ಪಾಲು ಹೆಚ್ಚಾಗಿರುತ್ತದೆ. ಕೆಂಪು ರಕ್ತಕಣಗಳೂ ಹೆಚ್ಚುತ್ತವೆ, ಆದರೆ ನೂರಕ್ಕೆ 20ರಿಂದ 30ರಷ್ಟು ಮಾತ್ರ. ಬೇಳೆ ಸ್ವಲ್ಪ, ನೀರು ಬಹಳ ಸೇರಿಸಿದ ಸಾರು ತೆಳುವಾಗುವಂತೆ ರಕ್ತವೂ ತೆಳುವಾಗುತ್ತದೆ. ಪಾತ್ರೆಯಲ್ಲಿರುವ ಒಟ್ಟು ಬೇಳೆ ಹೆಚ್ಚಿದ್ದರೂ ಒಂದು ಸೌಟಿನಲ್ಲಿ ಸಿಗುವುದು ಕಡಿಮೆ. ಪ್ರಯೋಗಾಲಯ ಅಳೆಯುವುದು ಆ ಒಂದು ಸೌಟನ್ನು.

ದೇಹ ಇದನ್ನು ಸುಮ್ಮನೆ ಮಾಡುವುದಿಲ್ಲ. ತೆಳುವಾದ ರಕ್ತ ಮಾಸಿನ ಸಣ್ಣ ನಾಳಗಳಲ್ಲಿ ಸರಾಗವಾಗಿ ಹರಿಯುತ್ತದೆ. ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಇದು ಮುಂಚಿತವಾಗಿ ಮಾಡಿಕೊಂಡ ಸಿದ್ಧತೆಯೂ ಹೌದು. ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಮಹಿಳೆಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರೆ, ಗರ್ಭಿಣಿಗೆ ಆ ಗಡಿಯನ್ನು 11 ಎಂದು ಇಟ್ಟಿದೆ. 2024ರ ಮಾರ್ಗಸೂಚಿಯಲ್ಲಿ ನಡುವಿನ ಮೂರು ತಿಂಗಳಿಗೆ ಅದನ್ನು 10.5ಕ್ಕೆ ಇಳಿಸಿದೆ. ರಕ್ತ ಹೆಚ್ಚು ತೆಳುವಾಗಿರುವ ಕಾಲದ ಗಡಿ ಬೇರೆಯೇ ಇರಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಇಲ್ಲಿ ಒಂದು ಅಧ್ಯಯನವನ್ನು ನೆನೆಯಬೇಕು. ಇಂಗ್ಲೆಂಡಿನ ವಾಯವ್ಯ ಥೇಮ್ಸ್ ಪ್ರಾಂತ್ಯದ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದಾಖಲೆಯನ್ನು ಫಿಲಿಪ್ ಸ್ಟೀರ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ 1995ರಲ್ಲಿ ಪ್ರಕಟಿಸಿದರು. ಬಸುರಿನಲ್ಲಿ ಹಿಮೋಗ್ಲೋಬಿನ್ ಇಳಿದ ಕನಿಷ್ಠ ಮಟ್ಟ 9.5ರಿಂದ 10.5ರ ನಡುವೆ ಇದ್ದವರಲ್ಲಿ ಕಡಿಮೆ ತೂಕದ ಶಿಶುಗಳೂ ಅವಧಿಗೆ ಮುನ್ನ ಹೆರಿಗೆಗಳೂ ಅತಿ ಕಡಿಮೆ ಇದ್ದವು. ಹಿಮೋಗ್ಲೋಬಿನ್ ಇಳಿಯದೇ ಉಳಿದವರಲ್ಲಿ ಎರಡೂ ಹೆಚ್ಚು. ರಕ್ತ ತೆಳುವಾಗದಿರುವುದು ಕೆಲವೊಮ್ಮೆ ಮಾಸಿನ ತೊಂದರೆಯ ಸೂಚನೆ ಎಂಬುದನ್ನು ಇದು ಎತ್ತಿ ತೋರಿಸಿತು. ಆದರೆ ಇದನ್ನು ಹೇಳಿ ನಿಲ್ಲಿಸಿದರೆ ಅಪಾಯ. ಅದು ಹೊಟ್ಟೆ ತುಂಬ ಉಂಡು, ವೈದ್ಯಕೀಯ ನಿಗಾ ಪಡೆದ ಸಮಾಜದ ಚಿತ್ರ. ನಮ್ಮ ಹಳ್ಳಿಯ ಬಸುರಿಯ ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದರೆ ಅದನ್ನು ತೆಳುವಾಗುವಿಕೆಯಿಂದ ವಿವರಿಸಲಾಗದು. ಅದು ಪ್ರಾಣಕ್ಕೆ ಸಂಚಕಾರ ತರುವ ಕೊರತೆ. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಎರಡು: ಕಬ್ಬಿಣದ ಕೂಡು-ಕಳೆ

ರಕ್ತ ಬದಲಾಗುವ ಬಗೆ ಇಷ್ಟು. ಈ ಹಿನ್ನೆಲೆಯಲ್ಲಿ ಕಬ್ಬಿಣಕ್ಕೆ ಬರೋಣ. ಇದು ನಮಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ, ಹಾಗಾಗಿ ಇದಕ್ಕೆ ಹೆಚ್ಚು ಸಮಯ ಕೊಡುತ್ತೇನೆ.

ಒಂದು ಬಸುರು ಮುಗಿಯುವಷ್ಟರಲ್ಲಿ ತಾಯಿಗೆ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ, ಅಂದರೆ ಒಂದು ಗ್ರಾಂ. ಇದರಲ್ಲಿ 300ರಷ್ಟು ಮಗುವಿಗೆ ಮತ್ತು ಮಾಸಿಗೆ ಹೋಗುತ್ತದೆ. ಸುಮಾರು 500 ತಾಯಿಯ ಹೊಸ ರಕ್ತಕಣಗಳಿಗೆ. ಉಳಿದ 200ರಷ್ಟು ಚರ್ಮ, ಕರುಳುಗಳ ಮೂಲಕ ದಿನನಿತ್ಯ ನಷ್ಟವಾಗುವ ಪಾಲು. ಮುಟ್ಟು ನಿಂತಿರುವುದರಿಂದ ಸ್ವಲ್ಪ ಉಳಿತಾಯವಾಗುತ್ತದೆ, ಹೆರಿಗೆಯ ನಂತರ ರಕ್ತಕಣಗಳ ಕಬ್ಬಿಣದಲ್ಲಿ ಒಂದು ಪಾಲು ಮತ್ತೆ ದೇಹಕ್ಕೆ ಸೇರುತ್ತದೆ. ಆದರೂ ಬೇಡಿಕೆ ಎಲ್ಲ ತಿಂಗಳಲ್ಲೂ ಒಂದೇ ಸಮ ಇರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಒಂದು ಮಿಲಿಗ್ರಾಂ ಹೀರಿಕೊಂಡರೆ ಸಾಕು. ಕೊನೆಯ ತಿಂಗಳುಗಳಲ್ಲಿ ಆರು ಮಿಲಿಗ್ರಾಂ ಸಮೀಪಿಸುತ್ತದೆ.

ಇಷ್ಟನ್ನು ಊಟದಿಂದಲೇ ಪಡೆಯಬಹುದೇ? ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ಕಾಳು, ಸೊಪ್ಪುಗಳ ಕಬ್ಬಿಣದಲ್ಲಿ ಕರುಳು ಹೀರುವುದು ನೂರಕ್ಕೆ ಐದರಿಂದ ಹತ್ತು ಪಾಲು. ಹತ್ತು ಪಾಲೇ ಹೀರಿತೆಂದುಕೊಂಡರೂ ಒಂದು ಒಳ್ಳೆಯ ಮುದ್ದೆಯಿಂದ ಸಿಗುವುದು ಅರ್ಧ ಮಿಲಿಗ್ರಾಂಗೂ ಕಡಿಮೆ. ರಾಗಿಯ ಗುಣವನ್ನು ನಾನು ಕಡೆಗಣಿಸುತ್ತಿಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ಅದಕ್ಕೆ ಸಾಟಿಯಾದ ಧಾನ್ಯ ನಮ್ಮಲ್ಲಿಲ್ಲ. ಮೊಳಕೆ ಕಟ್ಟಿದರೆ, ಹುದುಗು ಬರಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಇಳಿಯುತ್ತದೆ. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಕಬ್ಬಿಣ ಹೆಚ್ಚು ಸೇರುತ್ತದೆ. ಊಟವಾದ ತಕ್ಷಣದ ಕಾಫಿ, ಟೀ ಅದನ್ನು ತಡೆಯುತ್ತವೆ. ಇದೆಲ್ಲ ನಿಜ. ಆದರೆ ಬಸುರಿನ ಕೊನೆಯ ತಿಂಗಳುಗಳ ಬೇಡಿಕೆಯನ್ನು ಊಟವೊಂದರಿಂದಲೇ ಪೂರೈಸುವುದು ಕಷ್ಟ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅದರಲ್ಲಿ ಹತ್ತರಲ್ಲೊಂದು ಪಾಲು ದೇಹ ಸೇರಿದರೂ ಆರು ಮಿಲಿಗ್ರಾಂ ಆಯಿತು. ಮಾತ್ರೆಯ ಅಗತ್ಯ ಈ ಸರಳ ಲೆಕ್ಕದಲ್ಲಿದೆ.

ಅದೇ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಅದು ಖನಿಜವಲ್ಲ, ವಿಟಮಿನ್. ಆದರೂ ಅದರ ಕಥೆ ನಮ್ಮ ದೇಶದ್ದಾದ್ದರಿಂದ ಹೇಳದೆ ಮುಂದೆ ಹೋಗಲಾರೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಆ ಹೆಂಗಸರ ರಕ್ತಕಣಗಳು ಕಬ್ಬಿಣದ ಕೊರತೆಯಲ್ಲಾಗುವಂತೆ ಸಣ್ಣದಾಗುವ ಬದಲು ಅಸಹಜವಾಗಿ ದೊಡ್ಡದಾಗಿದ್ದವು. ಕಬ್ಬಿಣಕ್ಕೆ ಆ ರಕ್ತಹೀನತೆ ಬಗ್ಗಲಿಲ್ಲ. ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲೂ ನೀಲಗಿರಿಯ ಕೂನೂರಿನಲ್ಲೂ ಇಲಿ, ಕೋತಿಗಳ ಮೇಲೆ ಪ್ರಯೋಗ ಮಾಡುತ್ತ ಹೋದ ಅವರಿಗೆ ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಲ್ಲಿ ಮದ್ದು ಸಿಕ್ಕಿತು. 1931ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲ ಎಂಬುದು ಹತ್ತು ವರ್ಷಗಳ ನಂತರ ತಿಳಿಯಿತು. ಬಸುರಿಯ ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯೇ ಎಂದು ಭಾವಿಸಬಾರದೆಂಬ ಪಾಠವನ್ನು ಜಗತ್ತಿಗೆ ಕಲಿಸಿದವರು ಮುಂಬಯಿಯ ಗಿರಣಿ ಕೆಲಸದ ಹೆಂಗಸರು. ಜಂತುಹುಳು, ಮಲೇರಿಯಾ, ಬಿ-12 ಕೊರತೆ, ಸಿಕಲ್ ಸೆಲ್, ಥಲಸೀಮಿಯಾಗಳೂ ಹಿಮೋಗ್ಲೋಬಿನ್ ಇಳಿಸುತ್ತವೆ.

ಆದ್ದರಿಂದ ಹಿಮೋಗ್ಲೋಬಿನ್ ರಕ್ತಹೀನತೆಯನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತಿಳಿಯಲು ಫೆರಿಟಿನ್ ಎಂಬ ಪರೀಕ್ಷೆಯಿದೆ. ಗರ್ಭದ ಆರಂಭದಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ದಾಸ್ತಾನು ಖಾಲಿಯಾಗಿದೆ ಎಂದರ್ಥ. ಆದರೆ ಸೋಂಕು ಅಥವಾ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರಿ ಕೊರತೆಯನ್ನು ಮರೆಮಾಚುತ್ತದೆ. ಒಂದೇ ಅಂಕಿಯನ್ನು ನೆಚ್ಚಿಕೊಳ್ಳಬಾರದೆಂಬುದಕ್ಕೆ ಇದು ಇನ್ನೊಂದು ಉದಾಹರಣೆ.

ಈಗ ಸಮಾಜದ ಕಡೆಗೆ ತಿರುಗೋಣ. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮಲ್ಲಿ 1970ರಲ್ಲೇ ಆರಂಭವಾಯಿತು. ಐದು ದಶಕ ಕಳೆದ ಮೇಲೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಸುಮಾರು ಶೇ. 46. ಬೆರಳ ತುದಿಯ ಹನಿ ರಕ್ತದಿಂದ ಅಳೆದ ಅಂಕಿಗಳು ಇವು. ಆ ವಿಧಾನದ ನಿಖರತೆಯ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಆದರೂ ಹೊರೆ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ.

ಮಾತ್ರೆಯಿದ್ದೂ ಹೀಗೇಕೆ? ಒಂದು ಕಾರಣ, ನುಂಗುವವರು ಕಡಿಮೆ. 180 ದಿನ ಮಾತ್ರೆ ತೆಗೆದುಕೊಂಡ ತಾಯಂದಿರು ಅದೇ ಸಮೀಕ್ಷೆಯಲ್ಲಿ ನೂರಕ್ಕೆ 26 ಮಂದಿ. ಮಾತ್ರೆ ತಿಂದರೆ ಓಕರಿಕೆ, ಮಲಬದ್ಧತೆ ಬರುತ್ತವೆ, ಮಲ ಕಪ್ಪಾಗುತ್ತದೆ. ಇದರ ಜೊತೆಗೆ ನಂಬಿಕೆಗಳಿವೆ. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಹೊಟ್ಟೆಯೊಳಗಿನ ಜಾಗವನ್ನು ಊಟವೂ ಮಗುವೂ ಹಂಚಿಕೊಳ್ಳುತ್ತವೆ, ಮಗು ತೀರ ದಪ್ಪವಾದರೆ ಹೆರಿಗೆ ಕಷ್ಟ ಎಂಬ ತಿಳಿವಳಿಕೆಯನ್ನು ಅವರು ಅಲ್ಲಿ ಗುರುತಿಸಿದರು. ಹೆರಿಗೆಯೆಂದರೆ ಜೀವ ಪಣಕ್ಕಿಡುವುದೇ ಆಗಿದ್ದ ಕಾಲದಲ್ಲಿ ಹುಟ್ಟಿದ ಭಯ ಅದು. ಅದನ್ನು ಮೌಢ್ಯವೆಂದು ಗದರಿಸುವ ದಾದಿಗಿಂತ, ಮಗುವಿನ ಗಾತ್ರಕ್ಕಿಂತ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿಗಾಗಿ ಈ ಮಾತ್ರೆ ಎಂದು ಬಿಡಿಸಿ ಹೇಳುವ ದಾದಿಯ ಮಾತು ಹೆಚ್ಚು ನಡೆಯುತ್ತದೆ.

ಎರಡನೆಯ ಕಾರಣ ಇನ್ನೂ ಮೂಲಭೂತವಾದದ್ದು. ಬಸುರನ್ನು ನೆಮ್ಮದಿಯಿಂದ ದಾಟಲು ಆರಂಭದಲ್ಲಿ 500 ಮಿಲಿಗ್ರಾಂನಷ್ಟು ಕಬ್ಬಿಣದ ದಾಸ್ತಾನು ಇರಬೇಕು. ಆದರೆ ಅದೇ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲೇ ಶೇ. 59.1 ಮಂದಿ ರಕ್ತಹೀನರು. ಅವರು ಖಾಲಿ ದಾಸ್ತಾನಿನೊಂದಿಗೆ ಬಸುರಿಗೆ ಕಾಲಿಡುತ್ತಾರೆ. ನಾಲ್ಕನೆಯ ತಿಂಗಳಲ್ಲಿ ಮಾತ್ರೆ ಆರಂಭಿಸಿ ಹಳೆಯ ಸಾಲವನ್ನೂ ಹೊಸ ಖರ್ಚನ್ನೂ ಒಟ್ಟಿಗೆ ತೀರಿಸುವುದು ಸುಲಭವಲ್ಲ.

ಮೂರು: ಅಯೋಡಿನ್ ಮತ್ತು ಕಳೆದುಹೋಗುವ ವಾರಗಳು

ಕಬ್ಬಿಣದಲ್ಲಿ ತಡವಾದರೂ ಒಂದಿಷ್ಟು ಸರಿಪಡಿಸಬಹುದು. ನಾನೀಗ ಹೇಳಹೊರಟಿರುವ ಖನಿಜದಲ್ಲಿ ಆ ಅವಕಾಶ ತೀರ ಕಡಿಮೆ.

ಅಯೋಡಿನ್ ಥೈರಾಯ್ಡ್ ಹಾರ್ಮೋನಿನ ಕಚ್ಚಾವಸ್ತು. ಭ್ರೂಣದ ಮಿದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ಆದರೆ ಭ್ರೂಣದ ಥೈರಾಯ್ಡ್ ಗ್ರಂಥಿ ಮೂರನೆಯ ತಿಂಗಳು ಮುಗಿಯುವವರೆಗೆ ಕೆಲಸಕ್ಕೇ ಇಳಿದಿರುವುದಿಲ್ಲ. ನಡುಬಸುರಿನವರೆಗೂ ಅದರ ಉತ್ಪಾದನೆ ಅಲ್ಪ. ಅಲ್ಲಿಯ ತನಕ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಹಾಗಾಗಿ ಬಸುರಿಯ ಥೈರಾಯ್ಡ್ ಮೊದಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಹಾರ್ಮೋನು ತಯಾರಿಸಬೇಕು. ಮೂತ್ರದಲ್ಲಿ ಹೋಗುವ ಅಯೋಡಿನ್ ಕೂಡ ಹೆಚ್ಚುತ್ತದೆ. ಸಾಮಾನ್ಯರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕಾದರೆ ಬಸುರಿಗೆ 250 ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಸಮಯದ ಮಹತ್ವವನ್ನು ಮನಗಾಣಿಸಿದ್ದು ಪಪುವಾ ನ್ಯೂಗಿನಿಯ ಬೆಟ್ಟಗಾಡಿನಲ್ಲಿ 1966ರಲ್ಲಿ ಆರಂಭವಾದ ಒಂದು ಪ್ರಯೋಗ. ಅಲ್ಲಿ ಕಿವುಡು, ಮೂಕತನ, ಬುದ್ಧಿಮಾಂದ್ಯಗಳೊಡನೆ ಹುಟ್ಟುವ ಮಕ್ಕಳು ಆಗ ಬಹಳ. ವೈದ್ಯಶಾಸ್ತ್ರ ಇದನ್ನು ಕ್ರೆಟಿನಿಸಂ ಎನ್ನುತ್ತದೆ. ಪೀಟರ್ ಫರೋವಾ ಮತ್ತು ಸಂಗಡಿಗರು ಕುಟುಂಬಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಅಯೋಡಿನ್ ಬೆರೆತ ಎಣ್ಣೆಯ ಚುಚ್ಚುಮದ್ದನ್ನೂ ಇನ್ನೊಂದಕ್ಕೆ ಉಪ್ಪುನೀರಿನ ಚುಚ್ಚುಮದ್ದನ್ನೂ ಕೊಟ್ಟರು. 1971ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅಯೋಡಿನ್ ಪಡೆಯದ ಗುಂಪಿನಲ್ಲಿ 26 ಮಕ್ಕಳಿಗೆ ಈ ಸ್ಥಿತಿಯಿತ್ತು, ಪಡೆದ ಗುಂಪಿನಲ್ಲಿ 7 ಮಕ್ಕಳಿಗೆ. ಆ ಏಳರಲ್ಲಿ ಆರು ಮಕ್ಕಳ ತಾಯಂದಿರು ಚುಚ್ಚುಮದ್ದು ಕೊಡುವಾಗಲೇ ಬಸುರಿಯರಾಗಿದ್ದರು. ಈ ಒಂದು ವಿವರದ ಮುಂದೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ: ಅಯೋಡಿನ್ ಗರ್ಭ ನಿಲ್ಲುವ ಮೊದಲೇ ತಾಯಿಯಲ್ಲಿರಬೇಕು.

ನಮ್ಮ ದೇಶದ ಉತ್ತರ ಇನ್ನೂ ಸರಳವಾಗಿತ್ತು. ಡಾ. ವಿ. ರಾಮಲಿಂಗಸ್ವಾಮಿಯವರು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸುವ ವ್ಯವಸ್ಥೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪಿನ ವಲಯಗಳಲ್ಲಿ ಗಳಗಂಡ, ಅಂದರೆ ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಊದಿಕೊಳ್ಳುವ ಕಾಯಿಲೆ, ಗಣನೀಯವಾಗಿ ಇಳಿಯಿತು. ಸಾದಾ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ಮುಂದೆ ಅಲ್ಲಿಗೂ ಅಯೋಡಿನ್ ಉಪ್ಪು ಬಂತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಆಧಾರ. ಆಗ ಇದು ಹಿಮಾಲಯದ ಕಾಯಿಲೆ ಎಂಬ ಭಾವನೆಯಿತ್ತು. ನಂತರದ ಸಮೀಕ್ಷೆಗಳು ದೇಶದ ಎಲ್ಲ ಕಡೆ ಗಳಗಂಡವನ್ನು ಕಂಡವು. ನಮ್ಮ ಚಿಕ್ಕಮಗಳೂರು, ಕೊಡಗುಗಳಂಥ ಮಲೆನಾಡಿನ ಜಿಲ್ಲೆಗಳೂ ಅದಕ್ಕೆ ಹೊರತಲ್ಲ. ಜೋರು ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುವ ನಾಡು ಅದು.

ಕಾನೂನಿನ ಪ್ರಕಾರ ಉಪ್ಪಿನಲ್ಲಿ ಅಯೋಡಿನ್ ತಯಾರಿಕೆಯ ಹಂತದಲ್ಲಿ ಹತ್ತು ಲಕ್ಷಕ್ಕೆ 30 ಭಾಗ, ಗ್ರಾಹಕರ ಕೈಗೆ ಬರುವಾಗ ಕನಿಷ್ಠ 15 ಭಾಗ ಇರಬೇಕು. 15 ಭಾಗದ ಉಪ್ಪು ಹತ್ತು ಗ್ರಾಂ ತಿಂದರೆ 150 ಮೈಕ್ರೋಗ್ರಾಂ ಸಿಗುತ್ತದೆ. ಬಸುರಿಗೆ ಹೆಚ್ಚು ಅಯೋಡಿನ್ ಬೇಕೆಂದು ಹೆಚ್ಚು ಉಪ್ಪು ತಿನ್ನಿಸಬಾರದು, ರಕ್ತದೊತ್ತಡದ ಭಯವಿದೆ. ತಿನ್ನುವ ಉಪ್ಪೇ ಸರಿಯಾದದ್ದಿರಲಿ, ಹಾಲು, ಮೊಟ್ಟೆ, ಮೀನು ಜೊತೆಗಿರಲಿ. ಅಂಗಡಿಯ ಮುಂದೆ ಮೂಟೆಯಲ್ಲಿ ತೆರೆದಿಟ್ಟ ಹರಳುಪ್ಪು, ಈಚೆಗೆ ನಗರದ ಮನೆಗಳಲ್ಲಿ ಆರೋಗ್ಯದ ಹೆಸರಿನಲ್ಲಿ ಬಂದಿರುವ ಸೈಂಧವ ಲವಣ, ಇವುಗಳಲ್ಲಿ ಅಯೋಡಿನ್ ಬೆರೆಸಿಲ್ಲದಿದ್ದರೆ ಬಸುರಿಯ ಅಡುಗೆಗೆ ಅವು ತಕ್ಕವಲ್ಲ. ಅಯೋಡಿನ್ ಉಪ್ಪನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಶಾಖದಿಂದ ದೂರ ಇಡಬೇಕು.

ಅಳತೆಯ ವಿಷಯದಲ್ಲಿ ಒಂದು ಮಾತು. ಅಯೋಡಿನ್ ಮಟ್ಟವನ್ನು ಮೂತ್ರದಲ್ಲಿ ಅಳೆಯುತ್ತಾರೆ. ಒಂದು ಪ್ರದೇಶದ ಗರ್ಭಿಣಿಯರ ನಡುಮಟ್ಟ ಲೀಟರಿಗೆ 150ರಿಂದ 249 ಮೈಕ್ರೋಗ್ರಾಂ ಇದ್ದರೆ ಆ ಸಮುದಾಯಕ್ಕೆ ಅಯೋಡಿನ್ ಸಾಲುತ್ತಿದೆ ಎಂದರ್ಥ. ಇದು ಊರಿನ ಅಳತೆ. ಒಬ್ಬ ಮಹಿಳೆಯ ಒಂದು ದಿನದ ಮೂತ್ರದಲ್ಲಿ ಅಯೋಡಿನ್ ನೋಡಿ ಆಕೆಗೆ ಕೊರತೆಯಿದೆ ಎಂದು ತೀರ್ಮಾನಿಸಲಾಗದು. ನಿನ್ನೆ ಏನು ಉಂಡಳೆಂಬುದರ ಮೇಲೆ ಆ ಅಂಕಿ ಏರಿಳಿಯುತ್ತದೆ. ವ್ಯಕ್ತಿಯ ವಿಷಯಕ್ಕೆ ಬಂದರೆ ಥೈರಾಯ್ಡ್ ಪರೀಕ್ಷೆಯೇ ಉಪಯುಕ್ತ.

ನಾಲ್ಕು: ಇಳಿಯುವ ಸತು, ಏರುವ ತಾಮ್ರ

ಕಬ್ಬಿಣ, ಅಯೋಡಿನ್‌ಗಳಲ್ಲಿ ಏನು ಮಾಡಬೇಕೆಂಬುದು ಬಹುಪಾಲು ನಿಶ್ಚಯವಾಗಿದೆ. ನಾಲ್ಕನೆಯ ಭಾಗದಲ್ಲಿ ಅಷ್ಟು ನಿಶ್ಚಯವಿಲ್ಲ. ಆದ್ದರಿಂದಲೇ ಇಲ್ಲಿ ಹೆಚ್ಚಿನ ವಿವೇಕ ಬೇಕು.

ಮನುಷ್ಯರಲ್ಲಿ ಸತುವಿನ ಕೊರತೆ ಉಂಟಾಗಬಹುದೆಂದು ಮೊದಲು ತೋರಿಸಿದವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿದ್ದಾಗ ಅವರು ಒಬ್ಬ ಯುವಕನನ್ನು ಕಂಡರು. ವಯಸ್ಸು ಇಪ್ಪತ್ತೊಂದು, ನೋಡಲು ಹತ್ತು ವರ್ಷದ ಬಾಲಕನಂತೆ. ಅವನ ಆಹಾರ ಬಹುಪಾಲು ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಹುಳಿ ಬರಿಸದ ರೊಟ್ಟಿಯ ಫೈಟೇಟ್ ಸತುವನ್ನು ಹಿಡಿದಿಟ್ಟಿತ್ತು. ಮುಂದೆ ಈಜಿಪ್ಟಿನ ಅಧ್ಯಯನಗಳಲ್ಲಿ ಸತು ಕೊಟ್ಟಾಗ ಇಂಥ ಯುವಕರು ಬೆಳೆದದ್ದನ್ನು ಅವರು ದಾಖಲಿಸಿದರು.

ಮಣ್ಣಿನ ಮಾತು ಬಂದಾಗ ನಮ್ಮ ಬಸುರಿಯರ ಬಯಕೆಯನ್ನು ಬಿಡುವಂತಿಲ್ಲ. ಕೆಮ್ಮಣ್ಣು, ಬೂದಿ, ಇದ್ದಿಲು, ಬಳಪ, ಹಸಿ ಅಕ್ಕಿ ತಿನ್ನುವವರನ್ನು ನಮ್ಮ ಅಂಗನವಾಡಿ ಸಹೋದರಿಯರು ಇಂದಿಗೂ ಬಲ್ಲರು. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿ ಸುದಕ್ಷಿಣೆಯ ಬಾಯಲ್ಲಿ ದಿಲೀಪನಿಗೆ ಮಣ್ಣಿನ ಸುವಾಸನೆ ಸಿಗುತ್ತದೆ. ಅಷ್ಟು ಹಳೆಯದು ಈ ಬಯಕೆ. ಮಣ್ಣು ತಿನ್ನುವ ಚಪಲ ಹಲವರಲ್ಲಿ ಕಬ್ಬಿಣದ ಕೊರತೆಯ ಗುರುತು. ಕೆಲವು ಬಗೆಯ ಜೇಡಿ ಕರುಳಿನಲ್ಲಿ ಕಬ್ಬಿಣ, ಸತುಗಳನ್ನು ಕಟ್ಟಿಹಾಕಿ ಕೊರತೆಯನ್ನು ಮತ್ತಷ್ಟು ಹೆಚ್ಚಿಸಬಲ್ಲದು. ಜಂತುಹುಳು, ಸೀಸದ ಭಯವೂ ಇದೆ. ನಾಚಿಕೆಯಿಂದ ಮುಚ್ಚಿಡುವ ಈ ಸಂಗತಿಯನ್ನು ಗದರಿಸದೆ ಕೇಳಿ ತಿಳಿದುಕೊಂಡರೆ, ದುಬಾರಿ ಪರೀಕ್ಷೆಗಿಂತ ಮೊದಲೇ ಒಂದು ಸುಳಿವು ಸಿಕ್ಕಂತೆ.

ಸತು ಮಗುವಿನ ಬೆಳವಣಿಗೆಗೆ ಅತ್ಯಗತ್ಯ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲುಸಿಲ್ ಹರ್ಲಿ ಬಸುರಿ ಇಲಿಗಳಿಗೆ ಸತು ತಪ್ಪಿಸಿದಾಗ ಮರಿಗಳಲ್ಲಿ ಘೋರ ಅಂಗವೈಕಲ್ಯಗಳು ಕಂಡವು. ಹಾಗೆಂದು ರಕ್ತದಲ್ಲಿ ಸತು ಇಳಿದ ಬಸುರಿಯರಿಗೆಲ್ಲ ಸತುವಿನ ಮಾತ್ರೆ ಕೊಡಬೇಕೇ? ಇಲ್ಲಿ ಮೊದಲ ಭಾಗದ ಮಾತು ಮತ್ತೆ ಬರುತ್ತದೆ. ದೇಹದ ಒಟ್ಟು ಸತು ಸುಮಾರು ಎರಡು ಗ್ರಾಂ; ಪ್ಲಾಸ್ಮಾದಲ್ಲಿರುವುದು ಅದರ ಸಾವಿರದಲ್ಲೊಂದು ಪಾಲು. ಆ ಪಾಲಿನಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಸುರಿನಲ್ಲಿ ಪ್ಲಾಸ್ಮಾ ಹೆಚ್ಚಿ, ಆಲ್ಬುಮಿನ್ ಇಳಿದು, ಸತುವಿನ ಅಂಕಿಯೂ ಇಳಿಯುತ್ತದೆ. ಸಾಮಾನ್ಯ ಮಹಿಳೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 70 ಮೈಕ್ರೋಗ್ರಾಂ ಕೆಳಗಡಿಯಾದರೆ, ಗರ್ಭದ ಮೊದಲ ಮೂರು ತಿಂಗಳಿಗೆ 56, ಆಮೇಲೆ 50 ಎಂಬ ಗಡಿಗಳನ್ನು ತಜ್ಞರು ಸೂಚಿಸಿದ್ದಾರೆ.

ತಾಮ್ರದ್ದು ಇದಕ್ಕೆ ತಿರುವುಮುರುವು. ಈಸ್ಟ್ರೋಜನ್ ಪ್ರಭಾವದಿಂದ ಯಕೃತ್ತು ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ದಿನ ತುಂಬುವಷ್ಟರಲ್ಲಿ ರಕ್ತದ ತಾಮ್ರ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಈಗ ಎಂಟು ತಿಂಗಳ ಆರೋಗ್ಯವಂತ ಬಸುರಿಯೊಬ್ಬಳು ಖನಿಜಗಳ ಪ್ಯಾಕೇಜ್ ಪರೀಕ್ಷೆ ಮಾಡಿಸಿದಳೆಂದುಕೊಳ್ಳಿ. ಗರ್ಭಿಣಿಯಲ್ಲದವರ ಗಡಿಗಳನ್ನು ಮುದ್ರಿಸಿದ ವರದಿಯಲ್ಲಿ ಸತುವಿನ ಮುಂದೆ ‘ಕಡಿಮೆ’, ತಾಮ್ರದ ಮುಂದೆ ‘ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಆಕೆಗೆ ಕಾಯಿಲೆಯಿಲ್ಲ; ಎರಡೂ ಬಸುರಿನ ಸಹಜ ಗತಿ. ಇದಲ್ಲದೆ ರಕ್ತ ತೆಗೆದ ಕೊಳವೆಯ ರಬ್ಬರ್ ಮುಚ್ಚಳದಿಂದಲೂ ಸತು ಬೆರೆಯಬಹುದು, ರಕ್ತಕಣ ಒಡೆದರೂ ಅಂಕಿ ಏರಬಹುದು, ಊಟವಾದ ಮೇಲೆ ಇಳಿಯಬಹುದು, ಜ್ವರ ಬಂದರೂ ಇಳಿಯಬಹುದು.

ಸತು ಕೊಟ್ಟರೆ ಅವಧಿಗೆ ಮುನ್ನ ಹೆರಿಗೆಯಾಗುವುದು ಸ್ವಲ್ಪ ತಗ್ಗುತ್ತದೆಂದು ಹಿಂದಿನ ಪರಾಮರ್ಶೆಗಳು ಹೇಳಿದ್ದವು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆ ಹೆಚ್ಚು ಅಧ್ಯಯನಗಳನ್ನು ಸೇರಿಸಿಕೊಂಡು 2021ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಆ ಲಾಭ ಉಳಿಯಲಿಲ್ಲ. ಬಿಡಿಯಾದ ಸತುವಿನ ಮಾತ್ರೆಯನ್ನು ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ನಿಲುವು. ಹಾಗಾದರೆ ಬಸುರಿಗೆ ದಿನಕ್ಕೆ ಬೇಕೆನ್ನುವ 14.5 ಮಿಲಿಗ್ರಾಂ ಸತು ಎಲ್ಲಿಂದ? ಕಡಲೆ, ಹೆಸರು, ಹುರುಳಿ, ಎಳ್ಳು, ಕುಂಬಳ ಬೀಜ, ಹಾಲು, ಮೊಟ್ಟೆ, ತಿನ್ನುವವರಿಗೆ ಮಾಂಸ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿ ತಿನ್ನುವ ನಮ್ಮ ಪದ್ಧತಿ ಇಲ್ಲಿ ನಿಜವಾಗಿ ನೆರವಾಗುತ್ತದೆ. ಕಬ್ಬಿಣದಂತೆ ಸತುವಿನ ಬೇಡಿಕೆ ಆರು ಪಟ್ಟು ಏರುವುದಿಲ್ಲ, ಹಾಗಾಗಿ ಊಟಕ್ಕೆ ಅದನ್ನು ಹಿಂಬಾಲಿಸುವ ಶಕ್ತಿಯಿದೆ.

ಸೆಲೆನಿಯಂ ಬಗ್ಗೆ ಚುಟುಕಾಗಿ. ಚೀನಾದ ಕೇಶಾನ್ ಪ್ರದೇಶದಲ್ಲಿ 1935ರಲ್ಲಿ ಗುರುತಿಸಿದ ಒಂದು ಹೃದಯದ ಕಾಯಿಲೆ ಮುಖ್ಯವಾಗಿ ಮಕ್ಕಳನ್ನೂ ಹೆರುವ ವಯಸ್ಸಿನ ಹೆಂಗಸರನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆ. 1970ರ ದಶಕದಲ್ಲಿ ಸೆಲೆನಿಯಂ ಕೊಟ್ಟು ಅದನ್ನು ತಡೆದರು. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರಗಳ ಕೆಲವು ಹೊಲಗಳಲ್ಲಿ ಅದೇ ಸೆಲೆನಿಯಂ ವಿಷವಾಗುವಷ್ಟು ಹೆಚ್ಚು. ಒಂದೇ ಖನಿಜ ಒಂದು ಮಣ್ಣಿನಲ್ಲಿ ಕೊರತೆ, ಇನ್ನೊಂದರಲ್ಲಿ ವಿಷ. ಎಲ್ಲರಿಗೂ ಎಲ್ಲ ಖನಿಜಗಳನ್ನು ಹೆಚ್ಚುಹೆಚ್ಚು ಕೊಡುವುದು ಏಕೆ ಸಲ್ಲದೆಂಬುದಕ್ಕೆ ಇಷ್ಟು ಸಾಕು.

ಸಮಾರೋಪ

ಇನ್ನು ಸಲಹೆಗಳು. ಮೊದಲನೆಯದು ವೈದ್ಯರಿಗೂ ಪ್ರಯೋಗಾಲಯಗಳಿಗೂ. ಬಸುರಿಯ ವರದಿಯಲ್ಲಿ ಬಸುರಿನ ಗಡಿಗಳನ್ನೇ, ತಿಂಗಳವಾರು, ಮುದ್ರಿಸಬೇಕು. ಕಾರಣವಿಲ್ಲದೆ ಸತು, ತಾಮ್ರ, ಸೆಲೆನಿಯಂ ಪ್ಯಾಕೇಜುಗಳನ್ನು ಬರೆಯಬಾರದು. ಆ ಹಣ ಒಂದು ತಿಂಗಳ ಹಾಲು ಮೊಟ್ಟೆಗೆ ಆಗುತ್ತದೆ.

ಎರಡನೆಯದು ತಾಯಂದಿರಿಗೂ ಮನೆಯವರಿಗೂ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ. ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಹಾಲು, ಕಾಫಿ, ಟೀ ಜೊತೆಗೂ ಬೇಡ. ಓಕರಿಕೆಯಾದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಂಡು ನೋಡಿ, ಬಿಟ್ಟುಬಿಡಬೇಡಿ. ಮಲ ಕಪ್ಪಾದರೆ ಗಾಬರಿ ಬೇಡ. ಹೆರಿಗೆಯಾದ ಮೇಲೂ 180 ದಿನ ಮುಂದುವರಿಸಿ; ಬಾಣಂತಿಯ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ಕಾಳು ತಪ್ಪಿಸಬೇಡಿ. ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸಿದರೆ ಮಗುವಿಗೆ ಹೆಚ್ಚು ಕಬ್ಬಿಣ ಸಿಗುತ್ತದೆ. ಅದನ್ನು ವೈದ್ಯರಲ್ಲಿ ಕೇಳಲು ಸಂಕೋಚ ಬೇಡ.

ಮೂರನೆಯದು ವ್ಯವಸ್ಥೆಗೆ. ನಮ್ಮ ರಾಜ್ಯದಲ್ಲಿ 2017ರಿಂದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಬಿಸಿಯೂಟ ಕೊಡುತ್ತಿದೆ. ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ತೂಕ, ಹಿಮೋಗ್ಲೋಬಿನ್ ಬರೆಯುತ್ತೇವೆ. ಇವು ಅಗತ್ಯ, ಆದರೆ ಇವೆಲ್ಲ ಶುರುವಾಗುವುದು ಬಸುರೆಂದು ದಾಖಲಾದ ಮೇಲೆ. ಅಷ್ಟರಲ್ಲಿ ಅಯೋಡಿನ್ ಬೇಕಾಗಿದ್ದ ವಾರಗಳು ಕಳೆದಿರುತ್ತವೆ, ಕಬ್ಬಿಣದ ದಾಸ್ತಾನು ಎಷ್ಟಿತ್ತೋ ಅಷ್ಟೇ. ಶಾಲಾ ಕಾಲೇಜುಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಸಂಖ್ಯೆಯ ಗುರಿ ಮುಟ್ಟಿಸುವ ಕೆಲಸವೆಂದು ನೋಡದೆ, ತಾಯ್ತನದ ಆರೈಕೆಯ ಮೊದಲ ಹಂತವೆಂದು ನೋಡಬೇಕು. ಮದುವೆಯ ನೋಂದಣಿಯ ಹೊತ್ತಿಗೆ ಹಿಮೋಗ್ಲೋಬಿನ್ ಪರೀಕ್ಷೆ, ಪಡಿತರ ಅಂಗಡಿ ಮತ್ತು ಸಂತೆಗಳಲ್ಲಿ ಉಪ್ಪಿನ ಅಯೋಡಿನ್ ತಪಾಸಣೆ, ಇವೆರಡೂ ಹೊಸ ಆಸ್ಪತ್ರೆ ಕಟ್ಟುವಷ್ಟು ಖರ್ಚಿನ ಕೆಲಸಗಳಲ್ಲ.

ಸಭೆಯಲ್ಲಿರುವ ವಿದ್ಯಾರ್ಥಿನಿಯರಿಗೆ ಒಂದು ಮಾತು. ನಿಮ್ಮಲ್ಲಿ ಯಾರು ಮದುವೆಯಾಗುತ್ತೀರಿ, ಯಾರು ತಾಯಿಯಾಗುತ್ತೀರಿ ಎಂಬುದು ನಿಮ್ಮ ನಿರ್ಧಾರ. ತಾಯಿಯಾಗದಿದ್ದರೂ ನಿಮ್ಮ ರಕ್ತದ ಕಬ್ಬಿಣ ಮೊದಲು ನಿಮ್ಮ ಓದಿಗೆ, ಕೆಲಸಕ್ಕೆ, ಆಟಕ್ಕೆ ಬೇಕು. ನಾಳೆ ಬರಬಹುದಾದ ಮಗುವಿನ ಹೆಸರಿನಲ್ಲಿ ಮಾತ್ರ ಹೆಣ್ಣಿನ ಆರೋಗ್ಯವನ್ನು ಲೆಕ್ಕ ಹಾಕುವ ಅಭ್ಯಾಸವೇ ದಾಸ್ತಾನು ಖಾಲಿಯಾಗಲು ಒಂದು ಕಾರಣ ಎಂದು ನನ್ನ ಅನಿಸಿಕೆ. ಈ ವಾರವೇ ನಿಮ್ಮ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಅಂಕಿಯನ್ನು ಬರೆದಿಟ್ಟುಕೊಳ್ಳಿ, 12ಕ್ಕಿಂತ ಕಡಿಮೆಯಿದ್ದರೆ ಕಾರಣ ಏನೆಂದು ವೈದ್ಯರನ್ನು ಕೇಳಿ.